ಹೊಸ ಅಪ್ಪನ ಪಾಳಿ: ಮಗುವಿನ ಮೊದಲ ಮೂರು ತಿಂಗಳಿಗೆ ಒಂದು ಕೈಪಿಡಿ

ಮಗು ಮನೆಗೆ ಬಂದ ಮೊದಲ ವಾರ ಅಪ್ಪನಾದವನು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ, ‘ನಾನೇನು ಮಾಡ್ಲಿ?’ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾನೆ. ಆದರೆ ಹೊಲಿಗೆ ಇನ್ನೂ ಮಾಯದ, ಎರಡು ಗಂಟೆ ಸಲೀಸಾಗಿ ಕಣ್ಣು ಮುಚ್ಚದ ಬಾಣಂತಿಗೆ ಅದು ಇನ್ನೊಂದು ಹೊರೆ. ಏನು ಬಾಕಿ ಇದೆ ಎಂದು ಅವಳು ನೆನಪಿಸಿಕೊಳ್ಳಬೇಕು, ಹೇಳಬೇಕು, ಆಮೇಲೆ ಆಯಿತೋ ಇಲ್ಲವೋ ಎಂದು ವಿಚಾರಿಸಬೇಕು. ಅದಕ್ಕೆ ನನ್ನ ಸಲಹೆ ಇಷ್ಟು: ಕೆಲವು ಕೆಲಸಗಳನ್ನು ಬುಡದಿಂದ ತುದಿಯವರೆಗೆ ನಿಮ್ಮದಾಗಿಸಿಕೊಳ್ಳಿ. ಡೈಪರ್ ನಿಮ್ಮದು ಅಂದರೆ ಒದ್ದೆಯಾಯಿತೇ ಎಂದು ನೋಡುವುದು, ಬದಲಿಸುವುದು, ಪ್ಯಾಕೆಟ್ ಖಾಲಿಯಾಗುವ ಮೊದಲೇ ಇನ್ನೊಂದು ತಂದಿಡುವುದು, ಕಸ ಆಚೆ ಹಾಕುವುದು, ಎಲ್ಲವೂ ನಿಮ್ಮದೇ. ಯಾರೂ ನೆನಪಿಸಬೇಕಾಗಿಲ್ಲ.

ಎದೆಹಾಲು ಕುಡಿಸುವುದೊಂದನ್ನು ಬಿಟ್ಟರೆ ಎಳೆ ಕೂಸಿನ ಯಾವ ಕೆಲಸವೂ ಅಪ್ಪನ ಕೈಗೆ ಒಗ್ಗದಂಥದ್ದಲ್ಲ. ಗಂಡಸರಿಗೆ ಇದೆಲ್ಲ ಸಹಜವಾಗಿ ಬರುವುದಿಲ್ಲ ಎನ್ನುವವರಿಗೆ ಒಂದು ಮಾತು: ಫಿಲಿಪ್ಪೀನ್ಸ್‌ನಲ್ಲಿ ನೂರಾರು ಗಂಡಸರನ್ನು ಮದುವೆಗೆ ಮುಂಚಿನಿಂದ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಪ್ಪನಾದವರಲ್ಲಿ ಗಂಡಸುತನದ ಹಾರ್ಮೋನ್ ಎನಿಸಿದ ಟೆಸ್ಟೋಸ್ಟೆರಾನ್ ಮಟ್ಟ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುವವರಲ್ಲಿ, ಆರೈಕೆಗೆ ಕೈ ಹಾಕದವರಿಗಿಂತ ಅದು ಕಡಿಮೆಯಿತ್ತು. ಅಂದರೆ ಅಪ್ಪನ ಮೈಯೂ ಮಗುವಿಗೆ ತಕ್ಕಂತೆ ಬದಲಾಗುತ್ತದೆ. ಕೈ ಪಳಗುವುದು ಮಾತ್ರ ಮಾಡುತ್ತಾ ಮಾಡುತ್ತಾ.

ಎತ್ತಿಕೊಳ್ಳುವುದರಿಂದ ಶುರು

ಹೊಸ ಅಪ್ಪಂದಿರ ಕೈ ಮೊದಲು ನಡುಗುವುದು ಇಲ್ಲೇ. ಮಗುವಿನ ಕುತ್ತಿಗೆಗೆ ಇನ್ನೂ ಬಲ ಬಂದಿರುವುದಿಲ್ಲ, ಮೈಗೆ ಹೋಲಿಸಿದರೆ ತಲೆಯೇ ಭಾರ. ಅದೊಂದು ಗಮನದಲ್ಲಿದ್ದರೆ ಸಾಕು. ಸೋಪು ಹಚ್ಚಿ ಕೈ ತೊಳೆಯಿರಿ. ಒಂದು ಅಂಗೈಯನ್ನು ತಲೆ ಮತ್ತು ಕುತ್ತಿಗೆಯ ಅಡಿಗೆ, ಇನ್ನೊಂದನ್ನು ಕುಂಡಿಯ ಅಡಿಗೆ ತೂರಿಸಿ. ಮಗುವನ್ನು ನಿಮ್ಮತ್ತ ಎಳೆಯುವ ಬದಲು ನೀವೇ ಬಗ್ಗಿ, ನಿಮ್ಮ ಎದೆಯನ್ನು ಮಗುವಿನ ಹತ್ತಿರ ತಂದು ಆಮೇಲೆ ಎದ್ದು ನಿಲ್ಲಿ. ನೆತ್ತಿಯ ಮೆತ್ತನೆಯ ಜಾಗ ಮಿಡಿಯುವುದು ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಅದು ಒಳಕ್ಕೆ ಗುಳಿ ಬಿದ್ದಂತಿದ್ದರೆ ಅಥವಾ ಮಗು ಅಳದೆ ಸುಮ್ಮನಿರುವಾಗಲೂ ಉಬ್ಬಿಕೊಂಡಿದ್ದರೆ ವೈದ್ಯರಿಗೆ ತೋರಿಸಿ.

ಮಲಗಿಸುವುದು ಎತ್ತುವುದಕ್ಕಿಂತ ಕಷ್ಟ. ತೋಳಿನಲ್ಲಿ ಗಾಢ ನಿದ್ದೆಯಲ್ಲಿದ್ದ ಮಗು ಹಾಸಿಗೆ ಮುಟ್ಟಿದ ಕ್ಷಣ ಎರಡೂ ಕೈ ಚಾಚಿ ಬೆಚ್ಚಿ ಎಚ್ಚರಗೊಳ್ಳುತ್ತದೆ. ಬೀಳುತ್ತಿದ್ದೇನೆ ಅನ್ನಿಸಿದಾಗ ತಾನಾಗಿ ಆಗುವ ಪ್ರತಿಕ್ರಿಯೆ ಅದು, ನಾಲ್ಕೈದು ತಿಂಗಳಲ್ಲಿ ಮಾಯವಾಗುತ್ತದೆ. ಅಲ್ಲಿಯವರೆಗೆ ಹೀಗೆ ಮಾಡಿ: ಮೊದಲು ಕಾಲು ಮತ್ತು ಕುಂಡಿ ಹಾಸಿಗೆಗೆ ತಾಗಲಿ, ನಂತರ ಬೆನ್ನು, ಕೊನೆಗೆ ತಲೆ. ತಲೆಯ ಅಡಿಯ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿಕೊಳ್ಳಿ. ಇನ್ನೊಂದು ಕೈ ಮಗುವಿನ ಎದೆಯ ಮೇಲೆ ಅರ್ಧ ನಿಮಿಷ ಹಾಗೇ ಇರಲಿ. ಆಮೇಲೆ ಹಿಂದಿರುಗಿ ನೋಡದೆ ಜಾರಿಕೊಳ್ಳಿ.

ದಿನಕ್ಕೊಮ್ಮೆಯಾದರೂ ಅಂಗಿ ಬಿಚ್ಚಿ, ಡೈಪರ್ ಮಾತ್ರ ತೊಟ್ಟ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ. ಮುಖ ಒಂದು ಬದಿಗೆ ತಿರುಗಿರಲಿ, ಮೂಗು ಬಾಯಿ ನಿಮಗೆ ಕಾಣುತ್ತಿರಲಿ, ಬೆನ್ನಿಗೊಂದು ಹೊದಿಕೆ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆ ಎದುರಾದಾಗ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶುರು ಮಾಡಿದ ಕಾಂಗರೂ ಆರೈಕೆಯ ಮೂಲ ಇದೇ. ಮಗುವಿನ ಮೈಶಾಖ, ಉಸಿರಾಟ ಹದಕ್ಕೆ ಬರುತ್ತವೆ, ಅಳು ಕಡಿಮೆಯಾಗುತ್ತದೆ. ಅಪ್ಪನ ಎದೆಯಾದರೂ ಅಷ್ಟೇ ಬೆಚ್ಚಗೆ. ನಿಮಗೆ ತೂಕಡಿಕೆ ಬಂದರೆ ಮಾತ್ರ ಮಗುವನ್ನು ಅದರ ಹಾಸಿಗೆಗೆ ಸೇರಿಸಿ.

ಡೈಪರ್ ಖಾತೆ

ಇದನ್ನು ಪೂರ್ತಿ ನೀವೇ ವಹಿಸಿಕೊಳ್ಳಿ ಎನ್ನಲು ಕಾರಣವಿದೆ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಡೈಪರ್‌ನಲ್ಲಿದೆ. ಮೊದಲ ದಿನ ಒಂದು, ಎರಡನೇ ದಿನ ಎರಡು ಎಂದು ಏರುತ್ತಾ ಹೋಗಿ ಐದಾರನೇ ದಿನದಿಂದ ಇಪ್ಪತ್ನಾಲ್ಕು ಗಂಟೆಗೆ ಕನಿಷ್ಠ ಆರು ಸಲ ಉಚ್ಚೆ ಹೊಯ್ಯಬೇಕು. ಕಕ್ಕ ಮೊದಲೆರಡು ದಿನ ಕಪ್ಪು-ಹಸಿರು, ಒರೆಸಿದಷ್ಟೂ ಅಂಟುವಂಥದ್ದು. ಆಮೇಲೆ ಹಸಿರು-ಕಂದು, ನಾಲ್ಕೈದು ದಿನಕ್ಕೆ ಎದೆಹಾಲಿನ ಮಗುವಿಗೆ ಸಾಸಿವೆ ಹಳದಿ. ಆ ಹೊತ್ತಿಗೂ ಕಪ್ಪಾಗಿಯೇ ಇದ್ದರೆ ಹಾಲು ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. ಮೊದಲ ದಿನಗಳಲ್ಲಿ ಡೈಪರ್ ಮೇಲೆ ಇಟ್ಟಿಗೆ ಪುಡಿಯ ಬಣ್ಣದ ಕಲೆ ಕಂಡು ರಕ್ತವೆಂದು ಹೌಹಾರುವವರಿದ್ದಾರೆ. ಸಾಮಾನ್ಯವಾಗಿ ಅದು ಉಚ್ಚೆಯಲ್ಲಿರುವ ಯೂರೇಟ್ ಎಂಬ ಲವಣದ ಹರಳು. ಐದನೇ ದಿನದ ನಂತರವೂ ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಯಾವ ವಯಸ್ಸಿನಲ್ಲೇ ಆಗಲಿ ಕಕ್ಕ ಬಿಳಿಚಿಕೊಂಡಿದ್ದರೆ, ಸುಣ್ಣದ ಬಣ್ಣಕ್ಕಿದ್ದರೆ, ತಡಮಾಡಬೇಡಿ. ಪಿತ್ತನಾಳದ ತೊಂದರೆಯ ಸೂಚನೆ ಇರಬಹುದು.

ಬದಲಿಸುವ ಕ್ರಮ ಇದು. ಹೊಸ ಡೈಪರ್, ಒದ್ದೆ ಹತ್ತಿ, ಒಣ ಬಟ್ಟೆ, ಇನ್ನೊಂದು ಜೊತೆ ಉಡುಪು, ಎಲ್ಲ ಕೈಗೆಟುಕುವಂತಿಟ್ಟುಕೊಂಡೇ ಹಳೆಯದರ ಪಟ್ಟಿ ಬಿಚ್ಚಿ. ಎತ್ತರದ ಮೇಜಿನ ಮೇಲೆ ಮಲಗಿಸಿದ್ದರೆ ಒಂದು ಕೈ ಸದಾ ಮಗುವಿನ ಮೇಲಿರಲಿ. ಹೊರಳಲು ಬಾರದ ಮಗುವೂ ಒದ್ದುಕೊಂಡು ಜಾರುತ್ತದೆ. ಹೆಣ್ಣು ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡು ಮಗುವಾದರೆ ಬಿಚ್ಚಿದ ಕೂಡಲೇ ಒಂದು ಬಟ್ಟೆ ಮುಚ್ಚಿ, ಇಲ್ಲವಾದರೆ ನಿಮ್ಮ ಅಂಗಿಗೆ ಅಭಿಷೇಕ. ಮುಂದೊಗಲನ್ನು ಹಿಂದಕ್ಕೆ ಎಳೆಯಲೇಬಾರದು. ತೊಡೆ ಸಂದಿನ ಮಡಿಕೆಗಳನ್ನು ಬಿಡಿಸಿ ಒರೆಸಿ, ಪೂರ್ತಿ ಒಣಗಲು ಬಿಡಿ. ಹೊಸ ಡೈಪರ್ ಕಟ್ಟುವಾಗ ಅದರ ಮೇಲಂಚನ್ನು ಹೊಕ್ಕುಳಿನ ಕೆಳಕ್ಕೆ ಮಡಚಿ, ಸೊಂಟದ ಬಳಿ ಎರಡು ಬೆರಳು ತೂರುವಷ್ಟು ಸಡಿಲ ಬಿಡಿ.

ಕಡೆಯದಾಗಿ, ಎಲ್ಲರೂ ಮರೆಯುವ ಒಂದು ಹೆಜ್ಜೆ: ಕಾಲಿನ ಸುತ್ತ ಇರುವ ನಿರಿಗೆಯ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ತೋರುಬೆರಳನ್ನು ತೊಡೆಯ ಸುತ್ತ ಒಮ್ಮೆ ಓಡಿಸಿ ಅದನ್ನು ಹೊರಕ್ಕೆ ತೆಗೆಯಿರಿ. ನಡುರಾತ್ರಿ ಹಾಸಿಗೆ, ಬಟ್ಟೆ, ಮಗು ಮೂರನ್ನೂ ತೊಳೆಯುವ ಕೆಲಸ ಈ ಎರಡು ಸೆಕೆಂಡಿನಲ್ಲಿ ತಪ್ಪುತ್ತದೆ.

ಎಷ್ಟು ಗಂಟೆಗೆ ಹಾಲು, ಎಷ್ಟು ಉಚ್ಚೆ, ಎಷ್ಟು ಕಕ್ಕ ಎಂದು ಒಂದು ಹಾಳೆಯಲ್ಲೋ ಫೋನಿನಲ್ಲೋ ಗುರುತು ಹಾಕಿಕೊಳ್ಳಿ. ನಿದ್ದೆಗೆಟ್ಟ ತಲೆಗೆ ಬೆಳಗಿನದೂ ನೆನಪಿರುವುದಿಲ್ಲ, ಮಕ್ಕಳ ವೈದ್ಯರು ಮೊದಲು ಕೇಳುವುದೇ ಅದನ್ನು. ತೂಕ ಹೆಚ್ಚುತ್ತಾ ಹೋಗತೊಡಗಿದ ಮೇಲೆ ಆ ಹಾಳೆಯನ್ನು ಎಸೆದುಬಿಡಿ. ಮಗುವಿನ ಪ್ರತಿ ನಿಮಿಷವನ್ನೂ ನಕ್ಷೆ ಮಾಡುವ ಆ್ಯಪ್‌ಗಳು ನೆಮ್ಮದಿಗಿಂತ ಕಳವಳವನ್ನೇ ಹೆಚ್ಚು ಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಾಲಿನ ಸುತ್ತ

ಹೊಸ ಶಿಶು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿಕೆ ಶೇ 10ನ್ನು ಮೀರಬಾರದು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳವರೆಗೆ ಎದೆಹಾಲು ಮಾತ್ರ ಎನ್ನುತ್ತದೆ, ನೀರೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೀಜಾಣುಗಳಿಂದ ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರುತ್ತದೆ. ಯಾರಾದರೂ ಬೆರಳಲ್ಲಿ ಅದ್ದಿ ತಂದರೆ ನಯವಾಗಿಯೋ ನಿಷ್ಠುರವಾಗಿಯೋ ತಡೆಯುವುದು ನಿಮ್ಮ ಪಾಲಿನ ಕೆಲಸ.

ಹಸಿವಿನ ಕೊನೆಯ ಸೂಚನೆ ಅಳು. ಅದಕ್ಕೆ ಮುಂಚೆ ಮಗು ತಲೆ ಅತ್ತಿತ್ತ ಹೊರಳಿಸುತ್ತದೆ, ಬಾಯಿ ತೆರೆದು ಹುಡುಕುತ್ತದೆ, ಮುಷ್ಟಿ ಚೀಪುತ್ತದೆ. ಆಗಲೇ ಎತ್ತಿ ಅಮ್ಮನ ಬಳಿ ಕೊಟ್ಟರೆ ಕಿರುಚುವ ಮಗುವನ್ನು ಎದೆಗೆ ಹಚ್ಚುವ ಒದ್ದಾಟ ಅವಳಿಗೆ ತಪ್ಪುತ್ತದೆ. ಪಕ್ಕದಲ್ಲಿ ನೀರು, ಬೆನ್ನಿಗೆ ದಿಂಬು, ಫೋನಿಗೆ ಚಾರ್ಜರ್ ಇಟ್ಟಿರಿ. ಮೊಲೆತೊಟ್ಟು ಬಿರಿದು ನೋಯುತ್ತಿದ್ದರೆ ‘ಸರಿಹೋಗುತ್ತೆ’ ಎನ್ನಬೇಡಿ. ಮಗು ಬಾಯಿ ಹಾಕುವ ರೀತಿ ಸರಿಯಿಲ್ಲದಿರಬಹುದು, ಸ್ತನ್ಯಪಾನ ತಜ್ಞರನ್ನೋ ದಾದಿಯನ್ನೋ ಕರೆಸಿ ತೋರಿಸಿ.

ಕುಡಿದಾದ ಮೇಲೆ ಮಗು ನಿಮ್ಮ ಕೈಗೆ. ತೇಗಿಸುವುದಕ್ಕೆ ಎರಡು ಭಂಗಿ ಕಲಿತರೆ ಸಾಕು. ಒಂದು, ಹೆಗಲ ಮೇಲೆ: ಮಗುವಿನ ಗಲ್ಲ ನಿಮ್ಮ ಹೆಗಲನ್ನು ದಾಟಿರಬೇಕು, ಹೊಟ್ಟೆ ನಿಮ್ಮ ಎದೆಗೆ ಒತ್ತಿರಬೇಕು. ಇನ್ನೊಂದು, ತೊಡೆಯ ಮೇಲೆ ಕೂರಿಸಿ, ನಿಮ್ಮ ಅಂಗೈ ಮಗುವಿನ ಎದೆಗೆ, ಹೆಬ್ಬೆರಳು ಮತ್ತು ತೋರುಬೆರಳು ದವಡೆಗೆ ಆಸರೆ, ಗಂಟಲಿಗಲ್ಲ. ಸ್ವಲ್ಪ ಮುಂದಕ್ಕೆ ಬಾಗಿಸಿ ಇನ್ನೊಂದು ಕೈಯಿಂದ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ನೀವಿ. ಐದು ನಿಮಿಷವಾದರೂ ತೇಗು ಬರಲಿಲ್ಲವೇ, ಬಿಡಿ. ಪ್ರತಿ ಸಲ ಬರಲೇಬೇಕೆಂದಿಲ್ಲ. ಸ್ವಲ್ಪ ಹಾಲು ಕಕ್ಕುವುದೂ ಮಾಮೂಲು. ಪ್ರತಿ ಸಲವೂ ಚಿಮ್ಮುವಂತೆ ವಾಂತಿಯಾದರೆ, ಅಥವಾ ವಾಂತಿ ಹಸಿರಾಗಿದ್ದರೆ, ಆಸ್ಪತ್ರೆಗೆ ಹೋಗಿ.

ಹಿಂಡಿಟ್ಟ ಎದೆಹಾಲು ತಣ್ಣನೆಯ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿರುತ್ತದೆ, ಬಿಸಿನೀರಿನ ಪಾತ್ರೆಯಲ್ಲಿಡಿ. ಪುಡಿ ಹಾಲಾದರೆ, ಪುಡಿಯಲ್ಲಿರಬಹುದಾದ ಸೂಕ್ಷ್ಮಾಣು ಸಾಯಲೆಂದು, ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಬೆರೆಸಬೇಕು. ಬಾಟಲಿಯನ್ನು ತಣ್ಣೀರಿನಡಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಬದಿಗೆ ಹನಿಸಿ ನೋಡಿ ಕುಡಿಸಿ. ಎರಡು ಗಂಟೆಯೊಳಗೆ ಮುಗಿಸಬೇಕು, ಮಗು ಬಾಯಿ ಹಾಕಿ ಬಿಟ್ಟಿದ್ದನ್ನು ಚೆಲ್ಲಬೇಕು. ಡಬ್ಬದ ಮೇಲಿನ ಅಳತೆಗಿಂತ ನೀರು ಹೆಚ್ಚು ಮಾಡುವುದು ಉಳಿತಾಯವಲ್ಲ, ಅಪಾಯ.

ರಾತ್ರಿ

ಹೊಸ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಎಂದು ಕೇಳಿದವರಿಗೆ ಅಪ್ಪ-ಅಮ್ಮ ಯಾಕೆ ನಿದ್ದೆಗೆಡುತ್ತಾರೆ ಎಂದು ಆಶ್ಚರ್ಯ. ಆ ನಿದ್ದೆ ಎರಡು-ಮೂರು ಗಂಟೆಯ ತುಣುಕುಗಳಲ್ಲಿ ಬರುತ್ತದೆ, ಹಗಲು-ರಾತ್ರಿಯ ಭೇದ ಮೈಗೆ ತಿಳಿಯಲು ಎರಡು-ಮೂರು ತಿಂಗಳು ಬೇಕು. ಇಬ್ಬರೂ ಪ್ರತಿ ಸಲ ಎದ್ದು ಇಬ್ಬರೂ ಸುಸ್ತಾಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪಾಳಿ ಮಾಡಿಕೊಳ್ಳಿ. ರಾತ್ರಿ ಒಂಬತ್ತರಿಂದ ಎರಡರವರೆಗೆ ನೀವು, ಎರಡರಿಂದ ಏಳರವರೆಗೆ ಅವಳು, ಅಥವಾ ನಿಮ್ಮ ಮನೆಗೆ ಹೊಂದುವ ಬೇರೆ ಹಂಚಿಕೆ. ಪೂರ್ತಿ ಎದೆಹಾಲಿನ ಮಗುವಾದರೆ ನಿಮ್ಮ ಪಾಳಿಯಲ್ಲಿ ನಡೆಯುವುದು ಹೀಗೆ: ಮಗು ಮಿಸುಕಾಡಿದಾಗ ನೀವು ಎದ್ದು ಡೈಪರ್ ಬದಲಿಸಿ, ಅವಳ ಪಕ್ಕಕ್ಕೆ ತಂದು ಕೊಡುತ್ತೀರಿ. ಅವಳು ಕುಡಿಸುವುದನ್ನು ಮಾತ್ರ ಮಾಡುತ್ತಾಳೆ. ಅವಳು ಮತ್ತೆ ಕಣ್ಣು ಮುಚ್ಚಿದಾಗ ತೇಗಿಸಿ, ತೂಗಿ, ಮಲಗಿಸುವುದು ನೀವು. ಮಂದ ಬೆಳಕು, ಮಾತಿಲ್ಲ, ಆಟವಿಲ್ಲ.

ಒಂದು ಸದ್ದಿಗೇ ಧುಮುಕಬೇಡಿ. ನಿದ್ದೆಯಲ್ಲೇ ಮಗು ಮುಲುಗುತ್ತದೆ, ಮುಖ ಕಿವುಚುತ್ತದೆ, ಒಮ್ಮೊಮ್ಮೆ ಅತ್ತಂತೆಯೂ ಮಾಡುತ್ತದೆ. ಒಂದು ನಿಮಿಷ ಕಾದರೆ ಎಷ್ಟೋ ಸಲ ತಾನೇ ಮಲಗಿಬಿಡುತ್ತದೆ. ಉಸಿರಾಟವೂ ವಿಚಿತ್ರ: ಸರಸರ ಉಸಿರಾಡಿ, ಐದರಿಂದ ಹತ್ತು ಸೆಕೆಂಡು ನಿಲ್ಲಿಸಿ, ಮತ್ತೆ ಶುರು. ಅದು ಸಹಜ. ಇಪ್ಪತ್ತು ಸೆಕೆಂಡು ನಿಂತರೆ, ತುಟಿ ನೀಲಿಯಾದರೆ ತುರ್ತು.

ಮಲಗಿಸುವ ವಿಷಯದಲ್ಲಿ ರಾಜಿ ಇಲ್ಲ. ಹಗಲಾಗಲಿ ರಾತ್ರಿಯಾಗಲಿ ಅಂಗಾತ ಮಲಗಿಸಿ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ದಿಂಬು, ಸಡಿಲ ಹೊದಿಕೆ, ಗೊಂಬೆ ಯಾವುದೂ ಬೇಡ. ನಿಮ್ಮ ಕೋಣೆಯಲ್ಲೇ, ಆದರೆ ಅದರದೇ ಹಾಸಿಗೆಯಲ್ಲಿ, ಕನಿಷ್ಠ ಆರು ತಿಂಗಳು. ಬೋರಲು ಮಲಗಿದರೆ ಗಾಢ ನಿದ್ದೆ ಬರುತ್ತದೆ ಎಂಬುದು ನಿಜ, ಅಪಾಯ ಇರುವುದೂ ಅದರಲ್ಲೇ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ರಾಷ್ಟ್ರೀಯ ಅಭಿಯಾನ ಶುರುವಾದ ಮೇಲೆ ತೊಟ್ಟಿಲಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹೊಸ ಅಪ್ಪಂದಿರು ಬೀಳುವ ಹಳ್ಳ ಸೋಫಾ. ಮಗುವನ್ನು ಎದೆಯ ಮೇಲಿಟ್ಟುಕೊಂಡು ಅಲ್ಲಿ ಕಣ್ಣು ಮುಚ್ಚಿದರೆ, ಮಗು ಮೆತ್ತೆಗಳ ಸಂದಿಗೆ ಜಾರಿ ಉಸಿರು ಕಟ್ಟುವ ಸಂಭವ ಹಾಸಿಗೆಗಿಂತಲೂ ಹೆಚ್ಚು.

ಅಳು ನಿಲ್ಲದಾಗ

ಎರಡನೇ ವಾರದಿಂದ ಅಳು ಏರುತ್ತದೆ, ಆರನೇ ವಾರದ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆಯ ಹೊತ್ತೇ ಜಾಸ್ತಿ. ಈ ಏರಿಳಿತ ಮೊದಲೇ ಗೊತ್ತಿದ್ದರೆ ನಾವೇನೋ ತಪ್ಪು ಮಾಡುತ್ತಿದ್ದೇವೆ ಎಂಬ ಕೊರಗು ಅರ್ಧ ಕಡಿಮೆ. ದಿನಕ್ಕೆ ಮೂರು ಗಂಟೆ, ವಾರಕ್ಕೆ ಮೂರು ದಿನ, ಮೂರು ವಾರ ಅತ್ತರೆ ಅದನ್ನು ಕೋಲಿಕ್ ಎನ್ನುವ ಲೆಕ್ಕ 1954ರಿಂದ ಬಳಕೆಯಲ್ಲಿದೆ. ಹೆಸರಿದೆ, ಖಚಿತವಾದ ಔಷಧ ಇಲ್ಲ.

ಅತ್ತಾಗ ಪರೀಕ್ಷಿಸುವ ಕ್ರಮ:

1. ಹಸಿವೇ? ಕೊನೆಯ ಸಲ ಕುಡಿದು ಎಷ್ಟು ಹೊತ್ತಾಯಿತು?
2. ಡೈಪರ್.
3. ಸಿಕ್ಕಿಕೊಂಡ ತೇಗು.
4. ಸೆಕೆಯೋ ಚಳಿಯೋ? ಕೈಕಾಲು ಮುಟ್ಟಬೇಡಿ, ಅವು ಸದಾ ತಣ್ಣಗಿರುತ್ತವೆ. ಕತ್ತಿನ ಹಿಂಭಾಗ ಮುಟ್ಟಿ.
5. ಎಲ್ಲ ಬಟ್ಟೆ ಬಿಚ್ಚಿ ಒಂದೊಂದೇ ಬೆರಳು ನೋಡಿ.

ಈ ಕೊನೆಯದನ್ನು ಬಿಡಿಸಿ ಹೇಳಬೇಕು. ಹೆರಿಗೆಯ ನಂತರ ತಾಯಂದಿರ ಕೂದಲು ವಿಪರೀತ ಉದುರುತ್ತದೆ. ಒಂದೆಳೆ ಕೂದಲು ಕಾಲುಚೀಲದೊಳಗೆ ಸೇರಿ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯುವುದುಂಟು. ಬೆರಳು ಊದಿ ಕೆಂಪಾಗಿರುತ್ತದೆ, ಕೂದಲು ಚರ್ಮದೊಳಗೆ ಹೂತು ಕಾಣುವುದೇ ಇಲ್ಲ. ಗಂಡು ಮಗುವಿನ ಶಿಶ್ನಕ್ಕೂ ಹೀಗಾಗಬಹುದು. ಬಿಡಿಸಲು ಬಾರದಿದ್ದರೆ ತಕ್ಷಣ ವೈದ್ಯರ ಬಳಿ ಹೋಗಿ.

ಇದಾವುದೂ ಅಲ್ಲದಿದ್ದರೆ ಸಮಾಧಾನ ಮಾಡುವ ಸರದಿ. ತೋಳುಗಳನ್ನು ಬಿಗಿಯಾಗಿ, ಸೊಂಟದ ಕೆಳಗೆ ಸಡಿಲವಾಗಿ ಬಟ್ಟೆ ಸುತ್ತಿ. ಕಿವಿಯ ಹತ್ತಿರ ‘ಶ್…’ ಎಂದು ದೀರ್ಘವಾಗಿ ಸದ್ದು ಮಾಡುತ್ತಾ ನಡೆದಾಡಿ. ಅಪ್ಪಂದಿರ ಉದ್ದ ಮುಂಗೈಗೆ ಹೇಳಿ ಮಾಡಿಸಿದ ಭಂಗಿಯೊಂದಿದೆ: ಕೊಂಬೆಯ ಮೇಲೆ ಮಲಗಿದ ಚಿರತೆಯಂತೆ ಮಗು ಮುಂಗೈ ಮೇಲೆ ಬೋರಲಾಗಿರುತ್ತದೆ, ತಲೆ ನಿಮ್ಮ ಮೊಣಕೈ ಬಳಿ ಒಂದು ಬದಿಗೆ ತಿರುಗಿರುತ್ತದೆ, ನಿಮ್ಮ ಅಂಗೈ ತೊಡೆಗಳ ನಡುವಿನಿಂದ ಹಿಡಿದಿರುತ್ತದೆ. ಹೊಟ್ಟೆಗೆ ಬೀಳುವ ಮೆಲ್ಲನೆಯ ಒತ್ತಡಕ್ಕೆ ಹಲವು ಮಕ್ಕಳು ಸುಮ್ಮನಾಗುತ್ತವೆ. ನಿದ್ದೆ ಹತ್ತಿತೋ, ಹಾಸಿಗೆಯಲ್ಲಿ ಅಂಗಾತ.

ಯಾವುದಕ್ಕೂ ಬಗ್ಗದೆ ಕಿರುಚುತ್ತಿದ್ದರೆ, ನಿಮ್ಮ ಹಲ್ಲು ಕಚ್ಚಿಕೊಳ್ಳುತ್ತಿದ್ದರೆ, ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಚ್ಚಿ ಆಚೆ ಬನ್ನಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಕೆಲವು ಸೆಕೆಂಡು ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ, ಜೀವವೂ ಹೋಗಬಹುದು. ಮುಖ ತೊಳೆದುಕೊಳ್ಳಿ, ಇನ್ನೊಬ್ಬರನ್ನು ಎಬ್ಬಿಸಿ, ಯಾರಿಗಾದರೂ ಫೋನ್ ಮಾಡಿ.

ಸ್ನಾನ, ಹೊಕ್ಕುಳು, ಉಗುರು

ಹೊಕ್ಕುಳ ಬಳ್ಳಿಯ ತುಣುಕು ಒಂದರಿಂದ ಮೂರು ವಾರದಲ್ಲಿ ತಾನಾಗಿ ಬೀಳುತ್ತದೆ, ಒಣಗಿರಲಿ ಸಾಕು. ಸುತ್ತ ಕೆಂಪಾಗಿ ವಾಸನೆ ಬಂದರೆ ತೋರಿಸಿ. ಅದು ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಆಯಿತು. ಆಮೇಲೆ ಮೈಬಿಸಿಯಷ್ಟೇ ಬಿಸಿಯ ನೀರು, ಮೊಣಕೈ ಅದ್ದಿ ನೋಡಿ. ಬಾಗಿಲ ಗಂಟೆ ಹೊಡೆದರೂ ಮಗುವನ್ನು ನೀರಲ್ಲಿ ಬಿಟ್ಟು ಏಳಬೇಡಿ. ಉಗುರನ್ನು ಕತ್ತರಿಸುವ ಬದಲು, ಮಗು ಮಲಗಿದ್ದಾಗ ಉಜ್ಜಿ ಸವೆಸಿ.

ಅವಳು, ಮತ್ತು ನೀವು

ಬಂದವರೆಲ್ಲ ಮಗುವನ್ನು ನೋಡುತ್ತಾರೆ. ತಾಯಿಯನ್ನು ನೋಡುವ ಕೆಲಸ ನಿಮ್ಮದು. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವ ರಕ್ತಸ್ರಾವ, ಜ್ವರ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆನೋವು, ಉಸಿರಾಟಕ್ಕೆ ಕಷ್ಟ, ಒಂದೇ ಕಾಲು ಊದಿ ನೋಯುವುದು: ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಎರಡು ವಾರ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳ ಮಂದಿಗೆ ಆಗುತ್ತದೆ, ಹಾದುಹೋಗುತ್ತದೆ. ಎರಡು ವಾರ ದಾಟಿದ ಮೇಲೂ ಮಂಕಾಗಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ‘ನಾನು ಇಲ್ಲದಿದ್ದರೇ ಚೆನ್ನಾಗಿತ್ತು’ ಎಂಬಂಥ ಮಾತು ಬಂದರೆ ಅದು ಖಿನ್ನತೆ ಇರಬಹುದು. ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ. ವೈದ್ಯರ ಸಮಯ ಗೊತ್ತು ಮಾಡಿ ಜೊತೆಗೆ ಹೋಗುವುದನ್ನು ನೀವೇ ಮಾಡಿ, ಅವಳು ಕೇಳುವವರೆಗೆ ಕಾಯಬೇಡಿ. ಇಂಥ ಮಾತು ಬಂದ ಮೇಲೆ ಅವಳನ್ನು ಒಬ್ಬಳೇ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿ.

ಅಪ್ಪಂದಿರಿಗೂ ಇದು ಬರುತ್ತದೆ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಹತ್ತು ಅಪ್ಪಂದಿರಲ್ಲಿ ಒಬ್ಬರಿಗೆ, ಅದರಲ್ಲೂ ಮಗುವಿಗೆ ಮೂರರಿಂದ ಆರು ತಿಂಗಳಾಗಿರುವಾಗ ಹೆಚ್ಚು. ಗಂಡಸರಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ಸಣ್ಣದಕ್ಕೆ ರೇಗುವುದು, ಕಚೇರಿಯಿಂದ ಮನೆಗೆ ಬರಲು ಮನಸ್ಸಾಗದಿರುವುದು, ಕುಡಿತ ಹೆಚ್ಚುವುದು, ಹೀಗೆ ಬೇರೆ ವೇಷ ಹಾಕಿರುತ್ತದೆ. ಮಗುವಿನ ಮೇಲೆ ಕೂಡಲೇ ಪ್ರೀತಿ ಉಕ್ಕಲಿಲ್ಲ ಎಂಬುದೊಂದೇ ಖಿನ್ನತೆಯಲ್ಲ. ಬಹಳ ಅಪ್ಪಂದಿರಿಗೆ ಅದು ವಾರಗಟ್ಟಲೆ ತಡವಾಗಿ ಬರುತ್ತದೆ.

ಕಾಯದೆ ಹೊರಡಬೇಕಾದ ಸಂದರ್ಭ

ಮೂರು ತಿಂಗಳೊಳಗಿನ ಮಗುವಿನ ಮೈಶಾಖ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಮನೆಯಲ್ಲಿರುವ ಜ್ವರದ ಹನಿ ಹಾಕಿ ಬೆಳಗಾಗಲಿ ಎಂದು ಕೂರಬೇಡಿ. ಹಾಲು ಬೇಡವೆಂದು ಎರಡು-ಮೂರು ಸಲ ಮುಖ ತಿರುಗಿಸಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಹೊರಡಿ. ಎರಡು-ಮೂರನೇ ದಿನ ಕಾಣಿಸಿಕೊಳ್ಳುವ ಕಾಮಾಲೆ ಸಾಮಾನ್ಯ, ಆದರೂ ವೈದ್ಯರ ಕಣ್ಣಿಗೆ ಬೀಳಲಿ. ಹುಟ್ಟಿದ ಇಪ್ಪತ್ನಾಲ್ಕು ಗಂಟೆಯೊಳಗೇ ಬಂದರೆ, ಅಥವಾ ಹಳದಿ ಕಾಲಿನವರೆಗೆ ಇಳಿದರೆ ಕಾಯಬಾರದು.

ಕೆಲಸಕ್ಕೆ ಮರಳಿದ ಮೇಲೆ

ರಜೆ ಮುಗಿದಾಗ ಎಲ್ಲ ಜವಾಬ್ದಾರಿಯೂ ಸದ್ದಿಲ್ಲದೆ ಅವಳ ಕಡೆಗೆ ಜಾರುತ್ತದೆ. ಹೋಗುವ ಹಿಂದಿನ ವಾರವೇ ಕೂತು ಯಾವುದು ನಿಮ್ಮಲ್ಲೇ ಉಳಿಯುತ್ತದೆ ಎಂದು ಹೆಸರು ಹಿಡಿದು ಗೊತ್ತು ಮಾಡಿ: ಸಂಜೆಯ ಸ್ನಾನ, ರಾತ್ರಿಯ ಮೊದಲ ಪಾಳಿ, ಬೆಳಗಿನ ಡೈಪರ್, ಲಸಿಕೆಯ ದಿನಗಳು. ಬಹಳ ದೇಶಗಳಲ್ಲಿ ಲಸಿಕೆ 6, 10 ಮತ್ತು 14ನೇ ವಾರಕ್ಕೆ ಬರುತ್ತದೆ, ನಿಮ್ಮ ಕಾರ್ಡ್ ನೋಡಿ ಆ ದಿನಗಳಿಗೆ ಈಗಲೇ ರಜೆ ಬರೆದಿಡಿ. ಮನೆಗೆ ಬಂದ ಮೊದಲ ಅರ್ಧ ಗಂಟೆ ಮಗು ನಿಮ್ಮದು, ಫೋನ್ ಬೇರೆ ಕೋಣೆಯಲ್ಲಿ. ಮಗುವಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ, ಮುಖವನ್ನು ಅಷ್ಟು ಹತ್ತಿರ ತಂದು ಮಾತಾಡಿ. ಆರರಿಂದ ಎಂಟನೇ ವಾರದೊಳಗೆ ಆ ಮಾತಿಗೆ ನಗು ಮರಳಿ ಬರತೊಡಗುತ್ತದೆ. ಎಚ್ಚರವಿದ್ದಾಗ ನೆಲದ ಮೇಲೆ ಕೆಲವು ನಿಮಿಷ ಬೋರಲು ಹಾಕಿ, ನೀವೂ ಎದುರಿಗೆ ಬೋರಲು ಮಲಗಿ; ಕುತ್ತಿಗೆ ಗಟ್ಟಿಯಾಗುತ್ತದೆ.

ಮೂರು ತಿಂಗಳು ದಾಟುವಾಗ ಮಗು ಪಕ್ಕಕ್ಕೆ ಹೊರಳಲು ಹವಣಿಸುತ್ತದೆ. ಅಂದಿನಿಂದ ಬಟ್ಟೆ ಸುತ್ತಿ ಮಲಗಿಸುವುದನ್ನು ನಿಲ್ಲಿಸಿ. ಡೈಪರ್ ಬದಲಿಸುವ ಜಾಗವನ್ನೂ ಮೇಜಿನಿಂದ ನೆಲಕ್ಕೆ ಇಳಿಸಿ.